ಜನವರಿ ಏಳಕ್ಕೆ ನೋಡು

ದತ್ತು ಮಗುವಿಗೆ ಅರ್ಜಿ ಹಾಕಿ ನಾಲ್ಕು ವರ್ಷವಾದ ಮೇಲೆ, ನವೆಂಬರ್ ತಿಂಗಳ ಒಂದು ಸೋಮವಾರ ಜಸಿಂತಳಿಗೆ ಫೋನ್ ಬಂತು. ಬನಶಂಕರಿ ಎರಡನೇ ಹಂತದ ಮೆಡಿಕಲ್ ಸ್ಟೋರಿನಲ್ಲಿ ಅವಳು ಆಗಷ್ಟೇ ಶಟರ್ ಎತ್ತಿ, ಇನ್ಸುಲಿನ್ ಬಾಕ್ಸುಗಳನ್ನು ಫ್ರಿಜ್ಜಿನಲ್ಲಿ ಜೋಡಿಸುತ್ತಿದ್ದಳು. ಫೋನ್ ಮಾಡಿದವಳು ಶೃತಿ. ದತ್ತು ವಿಚಾರಣೆಗೆಂದು ಎರಡು ಸಲ ಮನೆಗೆ ಬಂದು, ಅಡುಗೆಮನೆಯಿಂದ ಬಚ್ಚಲಿನ ತನಕ ನೋಡಿ ವರದಿ ಬರೆದಿದ್ದ ಸಮಾಜ ಕಾರ್ಯಕರ್ತೆ.

"ಮೇಡಂ, ಪೋರ್ಟಲ್ ನೋಡಿದ್ರಾ? ಹೆಣ್ಣು ಮಗು. ಎಂಟು ವರ್ಷ. ಫೋಟೋನೂ ಹಾಕಿದಾರೆ. ಬೇಗ ಹೇಳ್ಬೇಕು, ಇಲ್ಲಾಂದ್ರೆ ಬೇರೆಯವರಿಗೆ ಹೋಗುತ್ತೆ."

ಜಸಿಂತ "ಸರಿ" ಎಂದಷ್ಟೇ ಹೇಳಿ ಫೋನ್ ಇಟ್ಟಳು. ಗಂಡನಿಗೆ ಮೂರು ಸಲ ಫೋನ್ ಮಾಡಿದಳು, ಸಿಗಲಿಲ್ಲ. ಚೌರಪ್ಪ ಲಿಫ್ಟ್ ಮೆಕ್ಯಾನಿಕ್. ಆ ಹೊತ್ತಿನಲ್ಲಿ ಜೆ.ಪಿ. ನಗರದ ಒಂದು ಅಪಾರ್ಟ್‌ಮೆಂಟಿನ ಲಿಫ್ಟಿನ ಗುಂಡಿಗೆ ಇಳಿದಿದ್ದ, ಅಲ್ಲಿ ಸಿಗ್ನಲ್ ಇರುತ್ತಿರಲಿಲ್ಲ. ಹನ್ನೊಂದರ ಹೊತ್ತಿಗೆ ಅವನೇ ಫೋನ್ ಮಾಡಿದ. ಜಸಿಂತ ವಿಷಯ ಹೇಳಿದಳು.

"ಎಂಟು ವರ್ಷಾನಾ ಜೆಸ್ಸಿ?"

"ಹೂಂ."

"ಸ್ಕೂಲಿಗೆ ಹೋಗೋ ಮಗು ಹಂಗಾದ್ರೆ," ಎಂದ. ಅವನ ಒಪ್ಪಿಗೆ ಅಷ್ಟೇ.

ಇಬ್ಬರೂ ಮೊದಲು ಕೇಳಿದ್ದು ಎರಡು ವರ್ಷದೊಳಗಿನ ಮಗುವನ್ನು. ಗಂಡ ಹೆಂಡತಿಯ ವಯಸ್ಸು ಕೂಡಿಸಿ ನೋಡುವ ನಿಯಮವೊಂದಿದೆ. ಕಾಯುತ್ತ ಕಾಯುತ್ತ ಅವರ ವಯಸ್ಸು ಆ ಮಿತಿಯನ್ನು ದಾಟಿತು. ಈಗ ಚೌರಪ್ಪನಿಗೆ ಐವತ್ತೊಂದು, ಜಸಿಂತಳಿಗೆ ನಲವತ್ತಾರು. ದೊಡ್ಡ ಮಕ್ಕಳಾದರೆ ಆಗಬಹುದು ಎಂದು ಶೃತಿ ಹೇಳಿದ್ದಳು. ದೊಡ್ಡ ಮಕ್ಕಳನ್ನು ಕೇಳುವವರು ಕಡಿಮೆ ಎಂದೂ ಹೇಳಿದ್ದಳು.

ಜಸಿಂತಳಿಗೆ ಎರಡು ಸಲ ಗರ್ಭ ನಿಂತಿರಲಿಲ್ಲ. ಮೂರನೆಯ ಸಲ ಒಂಬತ್ತು ತಿಂಗಳು ತುಂಬಿ ಗಂಡುಮಗು ಸತ್ತೇ ಹುಟ್ಟಿತು. ಅದಾಗಿ ಹದಿಮೂರು ವರ್ಷ. ಆಮೇಲೂ ಎಷ್ಟೋ ವರ್ಷ ಅವಳು ಮಾತೆ ಮರಿಯಮ್ಮನಿಗೆ ಹರಕೆ ಹೊತ್ತಳು, ಒಂಬತ್ತು ಶನಿವಾರದ ಪ್ರಾರ್ಥನೆಗಳನ್ನು ಮುಗಿಸಿದಳು, ಒಪ್ಪೊತ್ತು ಮಾಡಿದಳು. ಯಾವಾಗ ನಿಲ್ಲಿಸಿದಳೋ ಅವಳಿಗೇ ಸರಿಯಾಗಿ ನೆನಪಿಲ್ಲ. ದೇವರ ಮೇಲೆ ಸಿಟ್ಟು ಮಾಡಿಕೊಂಡು ನಿಲ್ಲಿಸಿದ್ದಲ್ಲ. ಭಾನುವಾರ ತಪ್ಪದೆ ಚರ್ಚಿಗೆ ಹೋಗುತ್ತಿದ್ದಳು, ಅಕ್ಕನ ಮಕ್ಕಳ ಪರೀಕ್ಷೆಗೆ, ಅಂಗಡಿಗೆ ಬರುವ ರೋಗಿಗಳಿಗೆ ಪ್ರಾರ್ಥಿಸುತ್ತಿದ್ದಳು. ತನಗಾಗಿ ಏನನ್ನೂ ಕೇಳುತ್ತಿರಲಿಲ್ಲ, ಅಷ್ಟೆ. ಕೇಳದ ಮೇಲೆ ಸಿಗಲಿಲ್ಲವೆಂಬ ನೋವೂ ಇರುವುದಿಲ್ಲವಲ್ಲ. ಚೌರಪ್ಪ ಇದನ್ನು ಗಮನಿಸಿದ್ದ.

ಮಗು ಇದ್ದ ಸಂಸ್ಥೆ ಬೆಂಗಳೂರಿನಿಂದ ಎರಡೂವರೆ ತಾಸಿನ ದಾರಿ. ಅಲ್ಲಿನ ವಾರ್ಡನ್ ಸೊಣ್ಣಮ್ಮ ಎಂಬ ದಪ್ಪ ಹೆಂಗಸು ಇಬ್ಬರನ್ನೂ ಆಫೀಸಿನಲ್ಲಿ ಕೂರಿಸಿ, ಬಾಗಿಲು ಮುಂದೆ ಮಾಡಿ ಬಂದಳು.

"ಮಗೂನ ಕರೆಯೋಕ್ ಮುಂಚೆ ಒಂದ್ ವಿಷ್ಯ ಹೇಳ್ಬೇಕು ಸಾರ್. ಫೈಲಲ್ಲೂ ಬರ್ದೈತೆ. ಹೋದ್ ವರ್ಷ ಒಂದ್ ಮನೆಗೆ ಹೋಗಿ ವಾಪಸ್ ಬಂದವ್ಳೆ. ಎರಡೂವರೆ ತಿಂಗ್ಳು ಇದ್ಲು."

"ಯಾಕೆ ವಾಪಸ್ ಕಳಿಸಿದ್ರು?" ಜಸಿಂತ ಕೇಳಿದಳು.

"ಹೊಂದಾಣಿಕೆ ಆಗ್ಲಿಲ್ಲ ಅಂತ ಬರ್ದುಕೊಟ್ರು. ಕೆಟ್ಟೋರಲ್ಲ ಮೇಡಂ ಅವ್ರು. ಬಿಟ್ಟು ಹೋಗೋವಾಗ ಅತ್ರು ಕೂಡ. ಏನೋ ಒಡೆದಾಕ್ತು ಅಂದ್ರು, ಕೇಳಿದ್ರೆ ಸುಳ್ಳು ಹೇಳ್ತು ಅಂದ್ರು. ಎಂಟ್ ವರ್ಷದ್ ಮಕ್ಳು ಸುಳ್ಳು ಹೇಳಲ್ವಾ?"

ಮಗುವಿನ ಹೆಸರು ಅರ್ಪಿತ. ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ, ಇಸ್ತ್ರಿ ಮಾಡಿದ ಫ್ರಾಕು. ಒಳಗೆ ಬಂದವಳೇ ಕೈಕಟ್ಟಿ ನಿಂತು ತನ್ನ ಹೆಸರು, ಕ್ಲಾಸು, ಇಷ್ಟವಾದ ವಿಷಯ ಎಲ್ಲವನ್ನೂ ಯಾರೂ ಕೇಳದಿದ್ದರೂ ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಇಷ್ಟವಾದ ವಿಷಯ ಗಣಿತವಂತೆ.

"ನಮ್ ಜೊತೆ ಬರ್ತೀಯಾ ಪುಟ್ಟ?" ಎಂದು ಚೌರಪ್ಪ ಕೇಳಿದ.

"ಬರ್ತೀನಿ ಅಂಕಲ್. ಥ್ಯಾಂಕ್ಯೂ ಅಂಕಲ್."

ಕಾಗದಪತ್ರಗಳು ಮುಗಿದು, ಡಿಸೆಂಬರ್ ಏಳನೇ ತಾರೀಖು ಅವಳನ್ನು ಮನೆಗೆ ಕರೆತಂದರು. ಕಾನೂನಿನ ಪ್ರಕಾರ ಆಗಿನ್ನೂ ಅವಳು ಅವರ ಮಗಳಲ್ಲ. ಜಿಲ್ಲಾಧಿಕಾರಿಗಳ ಆದೇಶ ಬರುವ ತನಕ ಪಾಲನೆಗೆ ಒಪ್ಪಿಸಿದ ಮಗು.

ಸುಬ್ರಹ್ಮಣ್ಯಪುರದಲ್ಲಿ ಅವರದ್ದು ಮೊದಲ ಮಹಡಿಯ ಬಾಡಿಗೆ ಮನೆ. ಕೆಳಗೆ ಮನೆಯೊಡತಿ ಬೈರಮ್ಮ ಇದ್ದಳು. ಆ ಲೇಔಟೆಲ್ಲ ಹೊಲವಾಗಿದ್ದಾಗಿನಿಂದ ಅಲ್ಲೇ ಇದ್ದ ಕುಟುಂಬ. ಕನಕಪುರ ರಸ್ತೆಯಲ್ಲಿ, ಕಗ್ಗಲೀಪುರದ ಆಚೆ ಇನ್ನೂ ಒಂದೆಕರೆ ಉಳಿಸಿಕೊಂಡು, ವರ್ಷಕ್ಕಾಗುವಷ್ಟು ರಾಗಿಯನ್ನು ಬೆಳೆಸಿ ತರಿಸುತ್ತಿದ್ದಳು. ಕಾರಿನಿಂದ ಇಳಿದ ಹುಡುಗಿಯನ್ನು ಅವಳು ಗೇಟಿನಲ್ಲೇ ನಿಲ್ಲಿಸಿ, ದೃಷ್ಟಿ ತೆಗೆದು, "ಹೋಗವ್ವಾ ಮೇಲಕ್ಕೆ, ನಿಮ್ಮನೆ," ಎಂದಳು.

"ಥ್ಯಾಂಕ್ಯೂ ಅಜ್ಜಿ," ಎಂದಳು ಅರ್ಪಿತ.

ಮೊದಲ ವಾರ ಮಗು ಏನೊಂದೂ ತೊಂದರೆ ಕೊಡಲಿಲ್ಲ. ಅದೇ ಜಸಿಂತಳಿಗೆ ತೊಂದರೆಯಾಯಿತು. ಬೆಳಿಗ್ಗೆ ಎಬ್ಬಿಸುವ ಮೊದಲೇ ಎದ್ದು ಹೊದಿಕೆ ಮಡಚಿಟ್ಟು ಕೂತಿರುತ್ತಿದ್ದಳು. ಹಾಕಿದ್ದನ್ನು ತಿನ್ನುತ್ತಿದ್ದಳು, ತಟ್ಟೆ ತೊಳೆದಿಡುತ್ತಿದ್ದಳು. ಒಂದು ಲೋಟ ನೀರು ಕೊಟ್ಟರೂ ಥ್ಯಾಂಕ್ಯೂ ಆಂಟಿ. ಜಡೆ ಹಾಕಿದರೆ ಥ್ಯಾಂಕ್ಯೂ ಆಂಟಿ. ಟೀವಿ ಹಾಕಿದರೆ, ಟೀವಿ ಆರಿಸಿದರೂ, ಥ್ಯಾಂಕ್ಯೂ ಆಂಟಿ. ಅವಳಿಗೆಂದು ಬೀರುವಿನಲ್ಲಿ ಎರಡು ಖಾನೆ ಖಾಲಿ ಮಾಡಿಕೊಟ್ಟಿದ್ದರು. ಬಟ್ಟೆ ಅಲ್ಲಿ ಇಡಲಿಲ್ಲ. ಒಗೆದು ಒಣಗಿದ ಬಟ್ಟೆಯನ್ನು ತಾನೇ ಮಡಚಿ, ತಂದಿದ್ದ ನೀಲಿ ಬ್ಯಾಗಿಗೆ ಹಾಕಿ, ಜಿಪ್ ಎಳೆದು, ಮಂಚದ ಕಾಲಿಗೆ ಒರಗಿಸಿ ಇಡುತ್ತಿದ್ದಳು.

"ಬೀರು ಇದ್ಯಲ್ಲ ಪುಟ್ಟ," ಎಂದು ಜಸಿಂತ ಒಂದು ಸಲ ಹೇಳಿದಳು.

"ಪರ್ವಾಗಿಲ್ಲ ಆಂಟಿ. ಇಲ್ಲೇ ಇರ್ಲಿ. ಥ್ಯಾಂಕ್ಯೂ."

ಜಸಿಂತ ಮತ್ತೆ ಹೇಳಲಿಲ್ಲ. ಆ ಹುಡುಗಿಯ ಥ್ಯಾಂಕ್ಯೂಗಳಷ್ಟೂ ಭಯದಿಂದ ಬಂದ ಮಾತು ಎಂದು ಅವಳಿಗೆ ಗೊತ್ತಿತ್ತು. ಜೊತೆಗೆ ಇನ್ನೊಂದು ವಿಷಯವೂ ಅವಳನ್ನು ಕೊರೆಯುತ್ತಿತ್ತು. ನಾಲ್ಕು ವರ್ಷ ಕಾದ ಮಗು ಮನೆಯಲ್ಲಿದೆ, ಆದರೂ ಭಾನುವಾರ ಚರ್ಚಿನಲ್ಲಿ ಮೊಣಕಾಲೂರಿದಾಗ ದೇವರಿಗೆ ಒಂದು ಕೃತಜ್ಞತೆ ಹೇಳಲು ಅವಳಿಂದಾಗಲಿಲ್ಲ. ಹೇಳಿದ ಕೂಡಲೇ ಯಾರೋ ಬಂದು ಕಿತ್ತುಕೊಂಡು ಹೋದಾರು ಎಂದು ಅವಳ ಮನಸ್ಸು ಹಿಂಜರಿಯಿತು. ಪಕ್ಕದಲ್ಲಿ ಅರ್ಪಿತ ಎಲ್ಲರೂ ಎದ್ದಾಗ ಎದ್ದು, ಕೂತಾಗ ಕೂತು, ಒಂದೂ ತಪ್ಪದಂತೆ ಎಲ್ಲರನ್ನೂ ನೋಡುತ್ತಿದ್ದಳು.

ಚೌರಪ್ಪ ಪ್ರತಿ ವರ್ಷ ಮನೆಯಲ್ಲಿ ಗೋದಲಿ ಕಟ್ಟುತ್ತಿದ್ದ. ಯೇಸುಸ್ವಾಮಿ ಹುಟ್ಟಿದ ದನದ ಕೊಟ್ಟಿಗೆಯ ಮಾದರಿ ಅದು. ಹಾಲಿನ ಮೂಲೆಯಲ್ಲಿ ಮೇಜು ಹಾಕಿ, ಹಳೆ ಸಿಮೆಂಟ್ ಚೀಲದ ಕಾಗದವನ್ನು ಗಂಜಿಯಲ್ಲಿ ಅದ್ದಿ ಗುಡ್ಡ ಮಾಡಿ, ಮರಳು ಹಾಸಿ, ತಟ್ಟೆಗಳಲ್ಲಿ ರಾಗಿ ಮೊಳಕೆ ಬರಿಸಿ ಹುಲ್ಲುಗಾವಲು ಮಾಡುತ್ತಿದ್ದ. ಈ ಸಲ ರಾಗಿ ತರಲು ಅರ್ಪಿತಳನ್ನು ಕೆಳಗೆ ಕಳಿಸಿದ. ಬೈರಮ್ಮ ಅವಳನ್ನು ಒಳಗೆ ಕರೆದುಕೊಂಡು ಹೋಗಿ, ದೊಡ್ಡ ಡ್ರಮ್ಮಿನ ಮುಚ್ಚಳ ತೆಗೆದು, "ಎಷ್ಟು ಬೇಕೋ ಬಾಚ್ಕಳವ್ವ," ಎಂದಳಂತೆ. ಅರ್ಪಿತ ಎರಡು ಬೊಗಸೆ ತಂದಳು. ಆವತ್ತಿನಿಂದ ದಿನಕ್ಕೆ ಒಂದೆರಡು ಸಲ ಕೆಳಗೆ ಹೋಗಿ ಬರುವುದು ರೂಢಿಯಾಯಿತು.

ಒಂದು ವಾರಕ್ಕೆ ಹಸಿರು ಎದ್ದಿತು. ಚೌರಪ್ಪ ಡಬ್ಬದಿಂದ ಒಂದೊಂದೇ ಗೊಂಬೆ ತೆಗೆದುಕೊಟ್ಟ, ಅರ್ಪಿತ ಜೋಡಿಸಿದಳು. ದನ, ಕತ್ತೆ, ಕುರಿಗಳು, ಕುರುಬರು, ಜೋಸೆಫರು, ಮರಿಯಮ್ಮ. ನಡುವೆ ಒಣಹುಲ್ಲು ತುಂಬಿದ ಚಿಕ್ಕ ತೊಟ್ಟಿ.

"ಇದ್ರಲ್ಲಿ ಏನಿಡೋದು ಅಂಕಲ್?"

"ಅದು ಮಗೂದು. ಇನ್ನೂ ಹುಟ್ಟಿಲ್ಲವಲ್ಲ. ಇಪ್ಪತ್ನಾಲ್ಕಕ್ಕೆ ಇಡೋದು."

"ಎಲ್ಲಿದೆ ಈಗ?"

ಅವನು ಬೀರುವಿನ ಮೇಲಿನ ಬಿಸ್ಕತ್ತಿನ ಡಬ್ಬಿ ಇಳಿಸಿ, ಹತ್ತಿಯಲ್ಲಿ ಸುತ್ತಿದ್ದ ಬಾಲಯೇಸುವಿನ ಗೊಂಬೆ ತೋರಿಸಿದ. ಜಸಿಂತಳ ತಾಯಿ ಮದುವೆಯಲ್ಲಿ ಕೊಟ್ಟದ್ದು. ಗೇಣುದ್ದವೂ ಇಲ್ಲ, ಒಂದು ಕೈಯ ಬೆರಳು ಮುಕ್ಕಾಗಿತ್ತು.

"ಇಟ್ಮೇಲೆ ಎಷ್ಟು ದಿನ ಇರುತ್ತೆ?"

ಚೌರಪ್ಪ ಗುಡ್ಡಕ್ಕೆ ಸೀರಿಯಲ್ ಲೈಟಿನ ವೈರು ಸುತ್ತುತ್ತಿದ್ದ. ಯೋಚಿಸದೆ ಉತ್ತರ ಕೊಟ್ಟ. "ಜನವರಿ ಆರರ ತನಕ. ಮೂರು ರಾಜರ ಹಬ್ಬ ಅಂತ ಬರುತ್ತೆ. ಅದಾದ್ಮೇಲೆ ಎಲ್ಲಾ ತೆಗೆದು ಡಬ್ಬಕ್ಕೆ ವಾಪಸ್."

"ಮಗೂನಾ?"

"ಮಗೂನೂ."

ಅರ್ಪಿತ ಒಂದು ಕುರಿಯನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನಿಂತಿದ್ದು, ಇಟ್ಟು ಹೋದಳು. ಅವತ್ತು ಸಂಜೆ ಅವಳು ಕ್ಯಾಲೆಂಡರಿನ ಹಾಳೆಯನ್ನು ಎತ್ತಿ ಹಿಂದಿನದನ್ನು ನೋಡುತ್ತಿದ್ದುದನ್ನು ಜಸಿಂತ ಕಂಡಳು. ಹೊಸ ವರ್ಷ ಯಾವ ವಾರ ಬರುತ್ತದೆಂದು ನೋಡುತ್ತಿರಬೇಕು ಅಂದುಕೊಂಡಳು.

ಡಿಸೆಂಬರ್ ಇಪ್ಪತ್ತನಾಲ್ಕರಂದು ಜಸಿಂತ ಅಂಗಡಿಗೆ ರಜೆ ಹಾಕಿದಳು. ಹಬ್ಬದ ಸಿಹಿ ಕಲ್‌ಕಲ್ ಕರಿದು, ಕೇಕು ಕತ್ತರಿಸಿ, ಅಕ್ಕಪಕ್ಕದ ಮನೆಗಳಿಗೆ ಕೊಡಲು ತಟ್ಟೆಗಳನ್ನು ತುಂಬಿಸಿದಳು. ರಾತ್ರಿ ಪೂಜೆಗೆ ಹೋದರೆ ಮಗುವಿನ ನಿದ್ದೆ ಕೆಡುತ್ತದೆಂದು, ಬೆಳಗಿನ ಪೂಜೆಗೆ ಹೋಗುವುದೆಂದೂ, ಗೋದಲಿಯಲ್ಲಿ ಬಾಲಯೇಸುವನ್ನು ಸಂಜೆಯ ಪ್ರಾರ್ಥನೆಯಲ್ಲೇ ಇಡುವುದೆಂದೂ ಮಾತಾಡಿಕೊಂಡಿದ್ದರು. ಆರೂವರೆಗೆ ಮೇಣದ ಬತ್ತಿ ಹಚ್ಚಿದರು. ಮೂವರೂ ನಿಂತು ಪ್ರಾರ್ಥನೆ ಹೇಳಿದರು. ಚೌರಪ್ಪ ಬಿಸ್ಕತ್ತಿನ ಡಬ್ಬಿ ಇಳಿಸಿ ತೆರೆದ. ಒಳಗೆ ಹತ್ತಿ ಮಾತ್ರ ಇತ್ತು.

ಮೊದಲು ಅವನು ತಾನೇ ಎಲ್ಲೋ ಇಟ್ಟು ಮರೆತಿರಬೇಕೆಂದು ಬೀರುವಿನ ಮೇಲೆಲ್ಲ ತಡಕಾಡಿದ. ಜಸಿಂತ ಗೊಂಬೆಗಳ ದೊಡ್ಡ ಡಬ್ಬ ಬೋರಲು ಹಾಕಿ ನೋಡಿದಳು. ಮಂಚದ ಕೆಳಗೆ ನೋಡಿದಳು. ಆಮೇಲೆ ಅರ್ಪಿತಳ ಕಡೆ ತಿರುಗಿದಳು.

"ನೀನೇನಾದ್ರೂ ತಗೊಂಡ್ಯಾ ಪುಟ್ಟ?"

"ಇಲ್ಲ ಆಂಟಿ."

"ಮುಟ್ಟೇ ಇಲ್ವಾ?"

"ಇಲ್ಲ ಆಂಟಿ. ನಾನು ನೋಡೇ ಇಲ್ಲ."

"ನೋಡೇ ಇಲ್ವಾ? ಅಂಕಲ್ ನಿಂಗೆ ತೋರ್ಸಿದ್ರಲ್ಲ ಅವತ್ತು!" ಜಸಿಂತಳ ದನಿ ಏರಿತು. "ಅದು ನಮ್ಮಮ್ಮಂದು ಕಣೆ! ಅಮ್ಮನೂ ಇಲ್ಲ ಈಗ. ಒಡೆದ್ ಹೋಗಿದ್ರೆ ಹೋಗ್ಲಿ, ಹೇಳು. ಸುಳ್ಳು ಯಾಕ್ ಹೇಳ್ತೀಯ?"

ಅವಳು ಆ ಮಗುವನ್ನು ಬೈದದ್ದು ಅದೇ ಮೊದಲು. ಅರ್ಪಿತ ಅಳಲಿಲ್ಲ. ರೂಮಿಗೆ ಹೋದಳು. ಎರಡು ನಿಮಿಷ ಬಿಟ್ಟು ಹೊರಗೆ ಬಂದಾಗ ಸ್ವೆಟರ್ ಹಾಕಿದ್ದಳು, ಹೆಗಲಿಗೆ ನೀಲಿ ಬ್ಯಾಗು. ಬಾಗಿಲ ಬಳಿ ಹೋಗಿ ಚಪ್ಪಲಿ ಹಾಕಿಕೊಂಡು, ಬಕಲ್ ಬಿಗಿದು, ಬಾಗಿಲ ಹಿಡಿಯ ಮೇಲೆ ಕೈಯಿಟ್ಟು ನಿಂತಳು.

"ನಾನು ರೆಡಿ ಆಂಟಿ," ಎಂದಳು.

ಚೌರಪ್ಪನಿಗೆ ಅರ್ಥವಾಗಲಿಲ್ಲ. "ಎಲ್ಲಿಗೆ?"

"ವಾಪಸ್."

ಜಸಿಂತ ನೆಲದ ಮೇಲೆ ಕೂತಳು. ಸಮಾಧಾನದ ಮಾತು ಹೇಳಬೇಕೆಂದು ಬಾಯಿ ತೆರೆದಳು. ಬಂದದ್ದು ಬೇರೆಯೇ.

"ಬೈದಿದ್ದು ನಿಜ. ನಂಗೆ ಕೋಪ ಬಂತು, ಬೈದೆ. ಇನ್ನೊಂದಿನವೂ ಬರುತ್ತೆ, ಅವತ್ತೂ ಬೈತೀನಿ. ನಮ್ಮಮ್ಮ ನಂಗೆ ದಿನಾ ಬೈತಿದ್ರು. ಅದಕ್ಕೆ ಯಾರಾದ್ರೂ ಬ್ಯಾಗ್ ತಗೊಂಡ್ ಹೊರಡ್ತಾರಾ? ಬೈಸ್ಕೊಂಡವ್ರು ಊಟಕ್ಕೆ ಕೂರ್ಬೇಕು. ಚಪ್ಪಲಿ ಬಿಚ್ಚು."

ಅರ್ಪಿತ ಚಪ್ಪಲಿ ಬಿಚ್ಚಲಿಲ್ಲ. ಆದರೆ ಬಾಗಿಲ ಹಿಡಿಯನ್ನು ಬಿಟ್ಟಳು. "ಕೆಳಗಿದೆ," ಎಂದಳು.

"ಏನು ಕೆಳಗಿದೆ?"

"ಮಗು. ಅಜ್ಜಿ ಮನೇಲಿ."

ಮೂವರೂ ಕೆಳಗಿಳಿದರು. ಬೈರಮ್ಮ ಟೀವಿ ಮುಂದೆ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ಚೌರಪ್ಪ ಸಂಕೋಚದಿಂದ ವಿಷಯ ಕೇಳಿದ.

"ಅಯ್ಯೋ, ಅದಾ?" ಬೈರಮ್ಮ ಕೈ ಒರೆಸಿಕೊಂಡು ಎದ್ದಳು. "ಮೂರ್ ದಿನದಿಂದ ನಮ್ ರಾಗಿ ಡ್ರಮ್ಮಲ್ಲೇ ಮಲಗವ್ನೆ ನಿಮ್ ಸಾಮಿ."

"ನಮಗೊಂದ್ ಮಾತು ಹೇಳ್ಬಾರ್ದಿತ್ತಾ ಬೈರಮ್ಮೋರೆ?"

"ಯಾರ್ಗೂ ಹೇಳ್ಬೇಡಿ ಅಜ್ಜಿ ಅಂತು ಕೂಸು. ನಂಗೇನ್ ಗೊತ್ತು, ನಿಮ್ ಹಬ್ಬದ ಶಾಸ್ತ್ರ ಏನೋ ಅಂದ್ಕೊಂಡೆ. ದಿನಾ ಬಂದು ಮುಚ್ಚಳ ತೆಗ್ದು ನೋಡ್ಕಂಡು ಹೋಗ್ತಿತ್ತು."

ಅವಳು ಡ್ರಮ್ಮಿಗೆ ಮೊಣಕೈವರೆಗೆ ಕೈ ಹಾಕಿ ಗೊಂಬೆಯನ್ನು ಎತ್ತಿದಳು. ಒಂದು ಕರ್ಚೀಫಿನಲ್ಲಿ ಸುತ್ತಿತ್ತು. ಹೊಸದಾಗಿ ಏನೂ ಮುಕ್ಕಾಗಿರಲಿಲ್ಲ. ಮಡಿಕೆಗಳಲ್ಲಿ ರಾಗಿ ಸೇರಿಕೊಂಡಿತ್ತು.

ಮೆಟ್ಟಿಲು ಹತ್ತುವಾಗ ಜಸಿಂತ ಅರ್ಧದಲ್ಲಿ ಕೂತು, ಹುಡುಗಿಯನ್ನೂ ಪಕ್ಕದಲ್ಲಿ ಕೂರಿಸಿಕೊಂಡಳು. ಚೌರಪ್ಪ ಎರಡು ಮೆಟ್ಟಿಲು ಕೆಳಗೆ ನಿಂತ.

"ಯಾಕೆ ಬಚ್ಚಿಟ್ಟೆ?"

"ಇಟ್ರೆ ತೆಗೀತೀರಲ್ಲ," ಎಂದಳು ಅರ್ಪಿತ. "ಜನವರಿ ಆರಕ್ಕೆ. ಇಡ್ಲೇ ಇಲ್ಲ ಅಂದ್ರೆ ತೆಗಿಯಕ್ಕಾಗಲ್ಲ."

ಚೌರಪ್ಪ ತಲೆ ಕೆರೆದುಕೊಂಡ. ಒಂದು ವಾರದ ಹಿಂದೆ ತಾನು ಆಡಿದ ಮಾತು ಅವನಿಗೆ ಈಗ ಕೇಳಿಸಿತು.

"ಜನವರಿ ಆರಕ್ಕೆ ನಿನ್ನೂ ಕಳಿಸ್ತೀವಿ ಅಂದ್ಕೊಂಡ್ಯಾ?" ಎಂದು ಜಸಿಂತ ಕೇಳಿದಳು.

ಹುಡುಗಿ ಕರ್ಚೀಫಿನ ಮಡಿಕೆಗೆ ಸಿಕ್ಕಿದ್ದ ರಾಗಿ ಕಾಳನ್ನು ಉಗುರಿನಿಂದ ಬಿಡಿಸಿದಳು.

"ಗೊಂಬೆ ಬೇರೆ, ನೀನು ಬೇರೆ ಪುಟ್ಟ. ಡಿಸಿ ಆಫೀಸಿಂದ ಒಂದು ಕಾಗದ ಬರೋದಿದೆ. ಅದು ಬರೋ ತನಕಾನೂ ನೀನು ಇಲ್ಲೇ. ಬಂದ್ಮೇಲೂ ಇಲ್ಲೇ. ಯಾವಾಗ್ಲೂ."

"ಅವ್ರೂ ಹಂಗೇ ಹೇಳಿದ್ರು," ಎಂದಳು ಅರ್ಪಿತ. ದೂರಿನ ದನಿಯಲ್ಲ. ನಡೆದದ್ದನ್ನು ಹೇಳುವ ದನಿ.

ಜಸಿಂತ ಕೊಡಬಹುದಾದ ಮಾತನ್ನು ಇನ್ನೊಬ್ಬರು ಆಗಲೇ ಕೊಟ್ಟು ಮುರಿದಿದ್ದರು. ಚೌರಪ್ಪ ಒಂದು ಮೆಟ್ಟಿಲು ಮೇಲೆ ಬಂದು ಕುಕ್ಕರಗಾಲಿನಲ್ಲಿ ಕೂತ.

"ಹಂಗಾದ್ರೆ ನಮ್ ಮಾತು ನಂಬ್ಬೇಡ," ಎಂದ. "ನಾವು ಹೇಳಿದ್ದನ್ನ ನಂಬೋದು ಬೇಡ. ಜನವರಿ ಏಳಕ್ಕೆ ಬೆಳಿಗ್ಗೆ ಎದ್ದು ನೋಡು, ಎಲ್ಲಿದೀಯ ಅಂತ. ಎಂಟಕ್ಕೂ ನೋಡು. ಸುಳ್ಳಾದ್ರೆ ಬೈರಮ್ಮಜ್ಜಿಗೆ ಹೇಳು, ಅವ್ರು ನನ್ನ ಮನೆ ಖಾಲಿ ಮಾಡಿಸ್ತಾರೆ."

ಅರ್ಪಿತ ಅವನ ಮುಖವನ್ನೇ ನೋಡಿದಳು. ಲೆಕ್ಕ ಸರಿಯಿದೆಯೇ ಎಂದು ಪರೀಕ್ಷಿಸುವವಳ ಹಾಗಿತ್ತು.

"ಈ ಮಗು?" ಎಂದು ಗೊಂಬೆ ತೋರಿಸಿದಳು.

"ಗುಡ್ಡ ತೆಗಿಲೇಬೇಕು, ಹುಲ್ಲು ಒಣಗುತ್ತೆ," ಎಂದ ಚೌರಪ್ಪ. "ಮಗು ದೇವರ ಪಟದ ಹತ್ರ ಇರ್ಲಿ. ಡಬ್ಬಿಗೆ ಬೇಡ."

ಮೇಲೆ ಹೋಗಿ ಅವಳೇ ಅದನ್ನು ತೊಟ್ಟಿಯಲ್ಲಿ ಮಲಗಿಸಿದಳು. ಊಟಕ್ಕೆ ಕೂತಾಗ ಜಸಿಂತ ಅವಳ ಹೆಗಲಿಂದ ಬ್ಯಾಗು ಇಳಿಸಿ ಗೋಡೆಗೆ ಒರಗಿಸಿದಳು. ಬಿಚ್ಚಲಿಲ್ಲ.

ಮರುದಿನ ಬೆಳಿಗ್ಗೆ ಆರೂಮುಕ್ಕಾಲಿಗೆ ಚರ್ಚಿನಲ್ಲಿ ಜಾಗ ಸಿಗುವುದು ಕಷ್ಟವಾಯಿತು. ರಾತ್ರಿ ಪೂಜೆಗೆ ಬಂದವರು ಬಿಟ್ಟುಹೋದ ಹಾಡಿನ ಹಾಳೆಗಳು ಬೆಂಚುಗಳ ಕೆಳಗೆ ಬಿದ್ದಿದ್ದವು. ಚಳಿಗೆ ಮಕ್ಕಳೆಲ್ಲ ಮಂಕಿಕ್ಯಾಪ್ ಹಾಕಿದ್ದರು. ಸ್ತಂಭದ ಪಕ್ಕದಲ್ಲಿ ಮೂವರಿಗೆ ಹೇಗೋ ಜಾಗ ಮಾಡಿಕೊಂಡರು. ಪೂಜೆಯ ನಡುವೆ ಫಾದರ್, ದೇವರಿಗೆ ಕೃತಜ್ಞತೆ ಸಲ್ಲಿಸೋಣ ಎಂದು ಜನರನ್ನು ಕರೆಯುವ ಒಂದು ಘಟ್ಟ ಬರುತ್ತದೆ. ಅದು ಯುಕ್ತವೂ ನ್ಯಾಯವೂ ಆಗಿದೆ ಎಂದು ಜನ ಉತ್ತರಿಸುತ್ತಾರೆ. ಜಸಿಂತ ಚಿಕ್ಕಂದಿನಿಂದ ಸಾವಿರಾರು ಸಲ ಹೇಳಿದ ಉತ್ತರ ಅದು. ಅವತ್ತು ಅವಳು ಎಲ್ಲರ ಜೊತೆಗೆ ಅದನ್ನು ಹೇಳಲಿಲ್ಲ.

ಹಿಂದಿನ ಸಂಜೆ ಬಾಗಿಲ ಬಳಿ ಚಪ್ಪಲಿ ಹಾಕಿಕೊಂಡು ನಿಂತಿದ್ದ ಹುಡುಗಿಯ ಹಾಗೆಯೇ ತಾನೂ ಇಷ್ಟು ವರ್ಷ ದೇವರ ಮುಂದೆ ನಿಂತಿದ್ದೆ ಎಂದು ಅವಳಿಗೆ ತೋರಿತು. ಬಿಚ್ಚಿಡಲಾರದೆ, ಬೇಕೆಂದು ಕೇಳಲಾರದೆ, ಕಳಿಸಿಬಿಡುತ್ತಾರೆಂಬ ಎಣಿಕೆಯಲ್ಲಿ. ಸತ್ತುಹುಟ್ಟಿದ ಮಗುವಿನ ಲೆಕ್ಕ ಅರ್ಪಿತ ಬಂದದ್ದರಿಂದ ಚುಕ್ತಾ ಆಯಿತೆಂದು ಅವಳಿಗೆ ಅನ್ನಿಸಲಿಲ್ಲ. ಆ ನೋವು ಎಲ್ಲಿತ್ತೋ ಅಲ್ಲೇ ಇತ್ತು. ಆದರೆ ಅದರ ಪಕ್ಕದಲ್ಲೇ ಇನ್ನೊಂದಕ್ಕೂ ಜಾಗವಿತ್ತು. ಎಲ್ಲರೂ ಮುಂದಿನ ಪ್ರಾರ್ಥನೆಗೆ ಹೋದ ಮೇಲೆ, ಅವಳೊಬ್ಬಳೇ ತಡವಾಗಿ, ಬಾಯೊಳಗೆ, "ಸ್ತೋತ್ರ ಸ್ವಾಮಿ" ಎಂದು ಕೃತಜ್ಞತೆ ಹೇಳಿದಳು. ಆಮೇಲೆ, ಎಷ್ಟೋ ವರ್ಷಗಳ ನಂತರ, ತನಗಾಗಿ ಒಂದನ್ನು ಕೇಳಿದಳು. ಈ ಮಗು ನನ್ನ ಹತ್ತಿರ ಉಳಿಯಲಿ ಎಂದು. ಕೇಳುವಾಗ ಭಯವಾಯಿತು. ಆದರೂ ಕೇಳಿದಳು.

ಅರ್ಪಿತ ಅವಳ ಸೀರೆಯ ಸೆರಗು ಎಳೆದು, "ಆಂಟಿ, ಎಲ್ಲಾ ಕೂತ್ಕೊಂಡ್ರು," ಎಂದು ಪಿಸುಗುಟ್ಟಿದಳು.

ಮಧ್ಯಾಹ್ನ ಬೈರಮ್ಮ ಊಟಕ್ಕೆ ಬಂದಳು. ಒತ್ತುಶ್ಯಾವಿಗೆ, ಕೋಳಿಸಾರು. "ಸಾರಿಗೆ ಖಾರ ಸಾಲ್ದು ಜಸಿಂತಮ್ಮ," ಎಂದು ಎರಡು ಸಲ ಹಾಕಿಸಿಕೊಂಡಳು.

ಜನವರಿ ಆರು ಸೋಮವಾರ ಬಿತ್ತು. ಚೌರಪ್ಪ ಕೆಲಸಕ್ಕೆ ಹೋಗುವ ಮೊದಲು ಗೋದಲಿಯ ಗುಡ್ಡ ಬಿಚ್ಚಿ, ಗೊಂಬೆಗಳನ್ನು ಕಾಗದದಲ್ಲಿ ಸುತ್ತಿ ಡಬ್ಬಕ್ಕೆ ಹಾಕಿದ. ಅರ್ಪಿತ ಸ್ವಲ್ಪ ದೂರದಲ್ಲಿ ಕೂತು ನೋಡುತ್ತಿದ್ದಳು, ಕೈ ಹಾಕಲಿಲ್ಲ. ಬಾಲಯೇಸುವನ್ನು ಅವನು ಹೇಳಿದಂತೆ ದೇವರ ಪಟದ ಕೆಳಗಿನ ಹಲಗೆಯ ಮೇಲಿಟ್ಟ. ಅವತ್ತು ಹುಡುಗಿ ಸರಿಯಾಗಿ ಊಟ ಮಾಡಲಿಲ್ಲ. ರಾತ್ರಿ ಸ್ವೆಟರ್ ಹಾಕಿಕೊಂಡೇ ಮಲಗಿದಳು.

ಏಳನೇ ತಾರೀಖು ಬೆಳಿಗ್ಗೆ ಜಸಿಂತ ಅಡುಗೆಮನೆಯಲ್ಲಿ ದೋಸೆ ಹುಯ್ಯುತ್ತಿದ್ದಳು. ಬಾಗಿಲಲ್ಲಿ ಅರ್ಪಿತ ಬಂದು ನಿಂತಳು. ಕೂದಲು ಕೆದರಿತ್ತು. ಹೊದಿಕೆ ಮಡಚಿರಲಿಲ್ಲ ಎಂದು ಜಸಿಂತಳಿಗೆ ಆಮೇಲೆ ಗೊತ್ತಾಯಿತು.

"ಇವತ್ತು ಏಳು ಅಲ್ವಾ?"

"ಹೌದು."

ಹುಡುಗಿ ಕಾವಲಿಯ ಕಡೆ ನೋಡಿದಳು.

"ಚಟ್ನಿ ಬೇಡ ನಂಗೆ," ಎಂದಳು. "ಖಾರ. ಸಕ್ಕರೆ ಹಾಕಿಕೊಡಿ."

ಒಂದು ತಿಂಗಳಲ್ಲಿ ಅವಳು ಬೇಡ ಎಂದದ್ದು ಅದೇ ಮೊದಲು. ಜಸಿಂತ ಸಕ್ಕರೆ ಡಬ್ಬಿ ಹುಡುಕುವ ನೆಪದಲ್ಲಿ ಗೋಡೆಯ ಕಡೆ ತಿರುಗಿ ನಿಂತಳು. ದೋಸೆ ಸೀದಿತು. ಆ ವಾರ ಎರಡು ಫ್ರಾಕುಗಳು ಬೀರುವಿಗೆ ಬಂದವು. ಉಳಿದವು ತಿಂಗಳ ಕೊನೆಗೆ.

ಫೆಬ್ರವರಿಯಲ್ಲಿ ಶೃತಿ ವಿಚಾರಿಸಲು ಬಂದಳು. ಅಷ್ಟರಲ್ಲಿ ಉತ್ತರಹಳ್ಳಿಯ ಒಂದು ಶಾಲೆಯಲ್ಲಿ ಅರ್ಪಿತಳನ್ನು ಮೂರನೇ ಕ್ಲಾಸಿಗೆ ಸೇರಿಸಿಕೊಂಡಿದ್ದರು. ಶೃತಿ ಹುಡುಗಿಯನ್ನು ತಾರಸಿಯ ಮೇಲೆ ಒಬ್ಬಳನ್ನೇ ಕರೆದುಕೊಂಡು ಹೋಗಿ ಅರ್ಧ ಗಂಟೆ ಮಾತಾಡಿದಳು. ಇಳಿದು ಬಂದಾಗ ಅವಳ ಕೈಯಲ್ಲಿದ್ದ ಹಾಳೆ ತುಂಬಿತ್ತು.

"ತುಂಬಾ ಕಂಪ್ಲೇಂಟ್ ಇದೆ ಮೇಡಂ ನಿಮ್ಮ ಮೇಲೆ," ಎಂದಳು ಶೃತಿ. "ತಲೆ ಬಾಚುವಾಗ ಎಳೀತೀರಂತೆ. ವಾರಕ್ಕೆ ಎರಡು ಸಲ ಹಾಗಲಕಾಯಿ ಮಾಡ್ತೀರಂತೆ. ಸಾರ್ ಗೊರಕೆ ಹೊಡೀತಾರಂತೆ. ಚರ್ಚಲ್ಲಿ ತುಂಬಾ ಹೊತ್ತು ಮೊಣಕಾಲು ಊರಿಸ್ತೀರಂತೆ."

"ಬರ್ಕೊಂಡ್ರಾ?" ಚೌರಪ್ಪ ಕೇಳಿದ.

"ಎಲ್ಲಾ ಬರ್ಕೊಂಡಿದೀನಿ."

"ಬರ್ಕೊಳ್ಳಿ ಬರ್ಕೊಳ್ಳಿ," ಎಂದ ಅವನು. ಅವನ ಮುಖ ಅರಳಿತ್ತು.

"ನಿಮ್ ಕಡೆಯಿಂದ ಏನಾದ್ರೂ ಇದ್ಯಾ?" ಎಂದು ಶೃತಿ ಜಸಿಂತಳನ್ನು ಕೇಳಿದಳು.

ಜಸಿಂತ ಯೋಚಿಸಿದಳು. "ಬೆಳಿಗ್ಗೆ ಏಳಲ್ಲ ಈಗ. ಎಷ್ಟು ಎಬ್ಬಿಸಿದ್ರೂ," ಎಂದಳು.

ಮರುದಿನ ಶಾಲೆಯ ವ್ಯಾನು ತಪ್ಪಿಹೋಯಿತು. ಚೌರಪ್ಪ ಟೂಲ್ ಬಾಕ್ಸನ್ನು ಸ್ಕೂಟರಿನ ಮುಂದೆ ಇಟ್ಟುಕೊಂಡು, ಅರ್ಪಿತಳನ್ನು ಹಿಂದೆ ಕೂರಿಸಿಕೊಂಡು ಉತ್ತರಹಳ್ಳಿ ಕಡೆ ಹೊರಟ. ಗಟ್ಟಿಯಾಗಿ ಹಿಡ್ಕೋ ಎಂದು ಜಸಿಂತ ಮೇಲಿನಿಂದ ಕೂಗಿದಳು. "ಹಿಡ್ಕೊಂಡಿದೀನಿ!" ಎಂದು ಹುಡುಗಿ ತಿರುಗಿಯೂ ನೋಡದೆ ಕೂಗಿ ಹೇಳಿದಳು.